ಎರಡನೆಯ ಹೆರಿಗೆ: ರೋಮ್‌ನಿಂದ ಲೂ ಹಳ್ಳಿಯವರೆಗೆ

ಗುರುವಾರ, ರೋಮ್

ಬರುವ ತಿಂಗಳು ಗೆಳತಿಯ ಮಗುವಿಗೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ. ನೀನೇ ಗಾಡ್‌ಮದರ್ (ಜ್ಞಾನತಾಯಿ) ಆಗಬೇಕು ಅಂತ ಅವಳು ಕೇಳಿದಾಗ ಖುಷಿಯಿಂದ ಒಪ್ಪಿಕೊಂಡೆ. ಆಮೇಲೆ ಯೋಚನೆ ಶುರುವಾಯಿತು. ನಮ್ಮ ಕಥೋಲಿಕ ಧರ್ಮಸಭೆಯ (ಚರ್ಚಿನ) ಕ್ಯಾನನ್ ಕಾನೂನಿನ 874ನೇ ವಿಧಿಯ ಪ್ರಕಾರ ಮಗುವಿನ ಸ್ವಂತ ತಂದೆ ತಾಯಿ ಅದರ ಗಾಡ್‌ಪೇರೆಂಟ್ ಆಗುವಂತಿಲ್ಲ. ಹೆತ್ತ ತಾಯಿ ಪಕ್ಕದಲ್ಲೇ ನಿಂತಿರುವಾಗ ಇನ್ನೊಬ್ಬ ತಾಯಿ ಯಾಕೆ ಬೇಕು? ಆ ಎರಡನೆಯವಳು ಮಾಡಬೇಕಾದ ಕೆಲಸವಾದರೂ ಏನು?

ಪ್ರಶ್ನೆಯನ್ನು ಚಿಕ್ಕಮ್ಮನ ಮುಂದಿಟ್ಟೆ. ಅವರು ಕನ್ಯಾಸ್ತ್ರೀ. ಒಂದು ಕಾಲದಲ್ಲಿ ರೋಮ್‌ನಲ್ಲಿ ಓದಿದವರು, ಇಟಾಲಿಯನ್ ಚೆನ್ನಾಗಿ ಬರುತ್ತದೆ. ಅಕ್ಟೋಬರ್‌ನಲ್ಲಿ ಅವರ ಕನ್ಯಾಸ್ತ್ರೀಯರ ಸಭೆಯ ಕೆಲಸಕ್ಕೆ ಅಲ್ಲಿಗೆ ಹೋಗುವುದಿತ್ತು. "ನೀನೂ ಬಾ ಮಗಳೇ. ನನ್ನ ಕೆಲಸ ಮುಗಿದ ಮೇಲೆ ಕೆಲವು ಊರು ಸುತ್ತೋಣ. ಬಾಯಲ್ಲಿ ಹೇಳೋದಕ್ಕಿಂತ ತೋರಿಸೋದು ಸುಲಭ" ಅಂದರು.

ಇವತ್ತು ಬೆಳಗ್ಗೆ ಅವರು ಮೊದಲು ಕರೆದುಕೊಂಡು ಹೋದದ್ದು ಸಾಂತಾ ಮರಿಯಾ ಮಜ್ಜೋರೆಗೆ. ಯೇಸುವಿನ ತಾಯಿ ಮರಿಯಮ್ಮನವರ ಹೆಸರಿನ ದೇವಾಲಯಗಳಲ್ಲಿ ರೋಮ್‌ನಲ್ಲಿ ಇದೇ ದೊಡ್ಡದು. 431ರಲ್ಲಿ ಎಫೆಸದಲ್ಲಿ ಸೇರಿದ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಹಾಸಭೆ ಮರಿಯಮ್ಮನವರನ್ನು ದೇವಮಾತೆ ಎಂದು ಕರೆಯುವುದು ಸರಿ ಎಂದು ತೀರ್ಮಾನಿಸಿತು. ಮರುವರ್ಷ ಪೋಪ್ ಆದ ಮೂರನೇ ಸಿಕ್ಸ್ಟಸ್ ಈ ದೇವಾಲಯದ ಪೀಠದ ಮೇಲಿನ ದೊಡ್ಡ ಕಮಾನಿಗೆ ಮೊಸಾಯಿಕ್ ಚಿತ್ರಗಳನ್ನು ಮಾಡಿಸಿದರು. ಅಲ್ಲಿ ಮರಿಯಮ್ಮ ಬಂಗಾರದ ಉಡುಪಿನ ರಾಣಿಯಂತೆ ಕೂತಿದ್ದಾರೆ. ಕಮಾನಿನ ತುದಿಯಲ್ಲಿ ಲ್ಯಾಟಿನ್‌ನಲ್ಲಿ ಒಂದೇ ಸಾಲು. ದೇವರ ಜನರಿಗೆ ಧರ್ಮಾಧ್ಯಕ್ಷ ಸಿಕ್ಸ್ಟಸ್ ಕೊಟ್ಟದ್ದು ಅಂತ ಅದರ ಅರ್ಥ. ಸುಮಾರು 1600 ವರ್ಷ ಹಳೆಯ ಬಣ್ಣಗಳು ಇನ್ನೂ ಹೊಳೆಯುತ್ತಿವೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಎಡಗಡೆಯ ಚಾಪೆಲ್‌ನಲ್ಲಿರುವ ಹಳೆಯ ಚಿತ್ರಪಟ. ರೋಮ್ ಜನರ ರಕ್ಷಣೆಯ ಮಾತೆ ಎಂದು ಅದಕ್ಕೆ ಹೆಸರು. ಪೋಪ್ ಫ್ರಾನ್ಸಿಸ್ ಆಯ್ಕೆಯಾದ ಮರುದಿನ ಬೆಳಗ್ಗೆಯೇ, 2013ರ ಮಾರ್ಚ್ 14ರಂದು, ಇಲ್ಲಿ ಬಂದು ಪ್ರಾರ್ಥಿಸಿದರು. ಪ್ರತಿ ವಿದೇಶ ಪ್ರವಾಸಕ್ಕೆ ಹೊರಡುವ ಮೊದಲು ಬರುತ್ತಿದ್ದರು, ವಾಪಸ್ ಬಂದ ಮೇಲೂ ಬರುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಈ ಚಾಪೆಲ್ಲಿನ ಹತ್ತಿರವೇ ಅವರನ್ನು ಸಮಾಧಿ ಮಾಡಿದರು. ಕಲ್ಲಿನ ಮೇಲೆ 'ಫ್ರಾನ್ಸಿಸ್ಕುಸ್' ಎಂಬ ಹೆಸರು ಮಾತ್ರ ಇದೆ. ಅಷ್ಟು ದೊಡ್ಡ ಹೊಣೆ ಹೊತ್ತ ವಯಸ್ಸಾದ ಮನುಷ್ಯ, ಮನೆಯಿಂದ ಹೊರಡುವಾಗಲೆಲ್ಲ ಅಮ್ಮನಿಗೆ ಹೇಳಿ ಹೋಗುವ ಮಗನ ಹಾಗೆ ಇಲ್ಲಿಗೆ ಬರುತ್ತಿದ್ದರು. ಅದನ್ನು ನೆನೆದು ನನ್ನ ಕಣ್ಣು ತುಂಬಿತು.

ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರೆ ಒಂದು ವಿಷಯ ಕಾಣುತ್ತದೆ. ಮಗು ಯೇಸು ತಾಯಿಯ ಕಡೆ ತಿರುಗಿದ್ದಾನೆ. ತಾಯಿ ನೋಡುತ್ತಿರುವುದು ನಮ್ಮನ್ನು.

"ಶಿಲುಬೆಯ ಬುಡದಲ್ಲಿ ಇದೇ ಆಯಿತಲ್ವಾ" ಅಂದರು ಚಿಕ್ಕಮ್ಮ. ಯೊವಾನ್ನನ ಶುಭಸಂದೇಶದ 19ನೇ ಅಧ್ಯಾಯ. ಸಾಯುವ ಮೊದಲು ಯೇಸು ತಾಯಿಗೆ ಶಿಷ್ಯನನ್ನು ತೋರಿಸಿ ಇವನೇ ನಿನ್ನ ಮಗ ಎನ್ನುತ್ತಾರೆ. ಶಿಷ್ಯನಿಗೆ ಇವಳೇ ನಿನ್ನ ತಾಯಿ ಎನ್ನುತ್ತಾರೆ. ನಾನು ಈ ಭಾಗವನ್ನು ಇಲ್ಲಿಯವರೆಗೆ ಕೇಳುತ್ತಿದ್ದದ್ದು ಶಿಷ್ಯನ ಕಡೆಯಿಂದ. ನಮಗೊಬ್ಬ ತಾಯಿ ಸಿಕ್ಕಳು ಅಂತ ಸಂತೋಷ. ಇವತ್ತು ಮೊದಲ ಸಲ ಆ ತಾಯಿಯ ಜಾಗದಲ್ಲಿ ನಿಂತು ಯೋಚಿಸಿದೆ. ಹೆತ್ತ ಮಗ ಕಣ್ಣೆದುರು ಸಾಯುತ್ತಿದ್ದಾನೆ. ಆ ಹೊತ್ತಿನಲ್ಲಿ ಬೇರೆಯವರ ಮಗನನ್ನು ನಿನ್ನವನು ಅಂತ ಕೊಟ್ಟರೆ? ಬೆತ್ಲೆಹೇಮಿನ ಹೆರಿಗೆಗಿಂತ ಶಿಲುಬೆ ನಿಂತ ಗೊಲ್ಗೊಥಾದ ಈ ಹೆರಿಗೆ ಕಷ್ಟದ್ದು. 1964ರ ನವೆಂಬರ್ 21ರಂದು ಪೋಪ್ ಆರನೇ ಪೌಲ್ ಮರಿಯಮ್ಮನವರನ್ನು 'ಧರ್ಮಸಭೆಯ ತಾಯಿ' ಎಂದು ಘೋಷಿಸಿದ್ದಕ್ಕೆ ಬೇರು ಇಲ್ಲೇ ಇದೆ. 2018ರಿಂದ, ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ಪೆಂತೆಕೊಸ್ತ್ ಹಬ್ಬದ ಮರುದಿನ ಸೋಮವಾರ ಆ ಹೆಸರಿನಲ್ಲೇ ಸ್ಮರಣೆ ನಡೆಯುತ್ತದೆ.

ಅಲ್ಲಿಂದ ವಿಯಾ ಮೆರುಲಾನಾ ರಸ್ತೆಯಲ್ಲಿ ನೇರವಾಗಿ ನಡೆದರೆ ಲಾಟೆರನ್ ದೇವಾಲಯ. ಅದರ ಪಕ್ಕದ ಎಂಟು ಮೂಲೆಯ ದೀಕ್ಷಾಸ್ನಾನ ಗೃಹಕ್ಕೆ ಜನ ಜಾಸ್ತಿ ಬರುವುದಿಲ್ಲ. ನನಗೆ ಇಡೀ ದಿನದಲ್ಲಿ ಮುಖ್ಯವಾದ ಜಾಗ ಅದೇ. ಸ್ನಾನದ ಕೊಳದ ಸುತ್ತ ಕೆಂಪು ಕಲ್ಲಿನ ಎಂಟು ಕಂಬಗಳು. ಅವುಗಳ ಮೇಲಿನ ತೊಲೆಗಳಲ್ಲಿ ಅದೇ ಸಿಕ್ಸ್ಟಸ್ ಕಾಲದ ಲ್ಯಾಟಿನ್ ಪದ್ಯ ಕೆತ್ತಿದೆ. ಚಿಕ್ಕಮ್ಮ ಕತ್ತೆತ್ತಿ ಸುತ್ತು ಬರುತ್ತಾ ಅರ್ಥ ಹೇಳಿದರು. ದೇವರ ಉಸಿರಿನಿಂದ ಬಸಿರಾದ ತಾಯಿ ಧರ್ಮಸಭೆ ತನ್ನ ಮಕ್ಕಳನ್ನು ಈ ನೀರಿನಲ್ಲಿ ಹೆರುತ್ತಾಳೆ, ಕನ್ಯೆಯಾಗಿಯೇ ಹೆರುತ್ತಾಳೆ ಎನ್ನುತ್ತದೆ ಪದ್ಯ.

ಅಂದರೆ ಇದು ಹೆರಿಗೆ ಕೋಣೆ. ಇಲ್ಲಿ ಹುಟ್ಟುವ ಮಗುವಿನ ತಾಯಿ ಇಡೀ ಧರ್ಮಸಭೆ. ಮಗುವನ್ನು ಹೆತ್ತವಳು ಎಷ್ಟೇ ಪ್ರೀತಿಯಿಂದ ಸಾಕಿದರೂ ಈ ಎರಡನೆಯ ಹುಟ್ಟನ್ನು ಅವಳೊಬ್ಬಳೇ ಕೊಡಲಾರಳು. ಅದಕ್ಕೇ ಮನೆಯ ಹೊರಗಿನಿಂದ ಒಬ್ಬಳು ಬರಬೇಕು, ಧರ್ಮಸಭೆಯ ಪರವಾಗಿ ಆ ಮಗುವಿನ ಪಕ್ಕ ನಿಲ್ಲಬೇಕು. 874ನೇ ವಿಧಿಯ ಹಿಂದೆ ಇರುವುದು ಇದೇ ಅಂತ ನನಗೆ ಅನ್ನಿಸಿತು. ಚಿಕ್ಕಮ್ಮ ಒಪ್ಪಿದರು. "ನಿಲ್ಲೋದು ಮೊದಲ ದಿನದ ಕೆಲಸ. ಉಳಿದದ್ದನ್ನ ನಾಳೆ ಒಬ್ಬರು ಹೇಳಿಕೊಡ್ತಾರೆ" ಅಂದರು.

ಶುಕ್ರವಾರ, ಓಸ್ತಿಯಾ

ಆ ಒಬ್ಬರು ಸಂತ ಮೋನಿಕಾ.

ರೋಮ್‌ನ ಪಿರಾಮಿಡೆ ಹತ್ತಿರದ ಸಣ್ಣ ನಿಲ್ದಾಣದಿಂದ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಗೆ ಓಸ್ತಿಯಾ ಆಂತಿಕಾ. ಒಂದು ಕಾಲದಲ್ಲಿ ರೋಮ್‌ನ ಬಂದರು. ಈಗ ಸಮುದ್ರ ದೂರ ಸರಿದಿದೆ. ಉಳಿದಿರುವುದು ಇಟ್ಟಿಗೆಯ ಗೋಡೆಗಳು, ಪೈನ್ ಮರಗಳು, ಗಾಡಿಯ ಚಕ್ರದ ಗುರುತಿರುವ ಕಲ್ಲುದಾರಿ. 387ರಲ್ಲಿ ಮೋನಿಕಾ ಮತ್ತು ಅವರ ಮಗ ಅಗಸ್ಟೀನ್ ಆಫ್ರಿಕಾಗೆ ಹೋಗುವ ಹಡಗಿಗಾಗಿ ಇಲ್ಲಿ ಕಾಯುತ್ತಿದ್ದರು.

ಆ ಹೊತ್ತಿಗೆ ಮೋನಿಕಾ ಕಣ್ಣೀರು ಹಾಕುತ್ತಾ ಕಳೆದ ವರ್ಷಗಳು ಎಷ್ಟೋ. ಬುದ್ಧಿವಂತ ಮಗ ವಿಶ್ವಾಸ ಬಿಟ್ಟು, ಬೆಳಕು ಕತ್ತಲೆ ಎಂಬ ಎರಡು ಶಕ್ತಿಗಳನ್ನು ನಂಬುವ ಮಾನಿಕೇಯರ ಪಂಥ ಸೇರಿದ್ದ. ಒಬ್ಬ ಧರ್ಮಾಧ್ಯಕ್ಷರ ಹತ್ತಿರ ಹೋಗಿ, ನನ್ನ ಮಗನ ಜೊತೆ ವಾದ ಮಾಡಿ ಅವನನ್ನು ತಿದ್ದಿ ಎಂದು ಬೇಡಿಕೊಂಡರು. ಅವರು ಒಪ್ಪಲಿಲ್ಲ. ಅವನನ್ನು ಅವನ ಪಾಡಿಗೆ ಬಿಡಮ್ಮ, ಅವನಿಗಾಗಿ ಪ್ರಾರ್ಥನೆ ಮಾತ್ರ ಮಾಡು ಎಂದರು. ಈಕೆ ಬಿಡದೆ ಅತ್ತಾಗ, ಇಷ್ಟು ಕಣ್ಣೀರಿನ ಮಗ ಹಾಳಾಗಲು ಸಾಧ್ಯವೇ ಇಲ್ಲ ಎಂದು ಹೇಳಿ ಕಳುಹಿಸಿದರು. ಆಮೇಲೆ ಕಾರ್ತೇಜ್‌ನಲ್ಲಿ ಮಗ ಅಮ್ಮನಿಗೆ ಸುಳ್ಳು ಹೇಳಿ, ಆಕೆ ಸಂತ ಸಿಪ್ರಿಯಾನರ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದ ರಾತ್ರಿಯೇ ಹಡಗು ಹತ್ತಿದ. ಬೆಳಗ್ಗೆ ದಡದಲ್ಲಿ ನಿಂತ ತಾಯಿಯ ನೋವನ್ನು ಅವನೇ ಮುಂದೆ 'ಕನ್ಫೆಷನ್ಸ್' ಪುಸ್ತಕದಲ್ಲಿ ಬರೆದ. ಈಕೆ ಸಮುದ್ರ ದಾಟಿ ಮಿಲಾನ್‌ವರೆಗೂ ಹಿಂದೆ ಬಂದರು. ಅಲ್ಲಿ 387ರ ಈಸ್ಟರ್ ಜಾಗರಣೆಯ ರಾತ್ರಿ ಅಲ್ಲಿಯ ಧರ್ಮಾಧ್ಯಕ್ಷ ಸಂತ ಆಂಬ್ರೋಸರ ಕೈಯಲ್ಲಿ ಅಗಸ್ಟೀನ್ ದೀಕ್ಷಾಸ್ನಾನ ಪಡೆದರು.

ನನ್ನನ್ನು ಕಾಡುವುದು ಅಗಸ್ಟೀನರು ಬಳಸುವ ಮಾತು. ನನ್ನನ್ನು ದೇಹದಲ್ಲಿ ಹೆತ್ತಾಗ ಪಟ್ಟ ನೋವಿಗಿಂತ ಆತ್ಮದಲ್ಲಿ ಹೆರಲು ಅಮ್ಮ ಪಟ್ಟ ನೋವು ದೊಡ್ಡದು ಎನ್ನುತ್ತಾರೆ ಅವರು. ಹೆರಿಗೆ ನೋವಿನ ಈ ಮಾತು ಗಂಡಸರಿಗೂ ಹೊರತಲ್ಲ. ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ನಿಮ್ಮಲ್ಲಿ ಕ್ರಿಸ್ತ ರೂಪುಗೊಳ್ಳುವ ತನಕ ನಾನು ಮತ್ತೆ ಪ್ರಸವವೇದನೆ ಪಡುತ್ತಿದ್ದೇನೆ ಎನ್ನುತ್ತಾರೆ. ಆಧ್ಯಾತ್ಮಿಕ ತಾಯ್ತನ ಎಂದರೆ ಮೆತ್ತಗಿನ, ಸಿಹಿಯಾದ ಭಾವನೆ ಅಂದುಕೊಳ್ಳುವವರು ಈ ಎರಡು ಸಾಲು ಓದಬೇಕು. ಇದರಲ್ಲಿ ನೋವಿದೆ, ಕಾಯುವುದಿದೆ, ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಒಪ್ಪಿಕೊಳ್ಳುವುದಿದೆ.

ಹಳೆಯ ಪಟ್ಟಣದ ಮನೆಗಳ ನಡುವೆ ತುಂಬ ಹೊತ್ತು ನಡೆದೆವು. ಇಲ್ಲೇ ಎಲ್ಲೋ ಒಂದು ಮನೆ. ತೋಟದ ಕಡೆ ತೆರೆದ ಕಿಟಕಿಗೆ ಒರಗಿ ತಾಯಿ ಮಗ ಮಾತಾಡಿದರು. ಸಂತರ ನಿತ್ಯಜೀವನ ಹೇಗಿರಬಹುದು ಅಂತ ಶುರುವಾದ ಮಾತು ಏರುತ್ತಾ ಏರುತ್ತಾ, ಒಂದು ಕ್ಷಣ ಇಬ್ಬರೂ ಒಟ್ಟಿಗೆ ದೇವರನ್ನು ಮುಟ್ಟಿದಂತಾಯಿತು ಎಂದು ಅಗಸ್ಟೀನರು ಬರೆಯುತ್ತಾರೆ. ಆ ಕಿಟಕಿಯ ಹತ್ತಿರ ತಾಯಿ ಮಗ ಎಂಬ ಅಂತರವೇ ಇರಲಿಲ್ಲ. ಇಬ್ಬರೂ ಒಂದೇ ದೇವರ ಮುಂದೆ ನಿಂತವರು. ತಾಯಿ ಅಷ್ಟು ವರ್ಷ ಹೊತ್ತದ್ದು ಮಗನನ್ನು ತನ್ನ ಹತ್ತಿರ ಇಟ್ಟುಕೊಳ್ಳಲು ಆಗಿರಲಿಲ್ಲ. ಈ ಜಾಗಕ್ಕೆ ತಂದು ನಿಲ್ಲಿಸಲು.

ಇದಾಗಿ ಸ್ವಲ್ಪ ದಿನಕ್ಕೇ ಮೋನಿಕಾಗೆ ಜ್ವರ ಬಂತು. ಒಂಬತ್ತನೆಯ ದಿನ ತೀರಿಕೊಂಡರು. ಅವರಿಗೆ 56ನೇ ವರ್ಷ, ಮಗನಿಗೆ 33ನೇ ವರ್ಷ ನಡೆಯುತ್ತಿತ್ತು. ಊರಿನಲ್ಲಿ ಗಂಡನ ಪಕ್ಕದಲ್ಲೇ ಸಮಾಧಿ ಆಗಬೇಕೆಂದು ಮೊದಲಿನಿಂದ ಆಸೆಪಟ್ಟವರು, ಕೊನೆಗೆ ಅದನ್ನೂ ಬಿಟ್ಟರು. ಈ ದೇಹವನ್ನು ಎಲ್ಲಿ ಬೇಕಾದರೂ ಇಡಿ, ನೀವು ಎಲ್ಲಿದ್ದರೂ ಬಲಿಪೀಠದ ಮುಂದೆ ನನ್ನನ್ನು ನೆನೆಯಿರಿ ಎಂದಷ್ಟೇ ಕೇಳಿಕೊಂಡರು.

ಹಳೆಯ ಪಟ್ಟಣದ ಹೊರಗೆ ಸಂತ ಔರೆಯಾ ಹೆಸರಿನ ಸಣ್ಣ ದೇವಾಲಯವಿದೆ. 1945ರ ಬೇಸಿಗೆಯಲ್ಲಿ ಅದರ ಪಕ್ಕದಲ್ಲಿ ಕಂಬ ನೆಡಲು ಗುಂಡಿ ತೋಡುತ್ತಿದ್ದ ಹುಡುಗರಿಗೆ ಅಮೃತಶಿಲೆಯ ತುಂಡೊಂದು ಸಿಕ್ಕಿತು. ನೋಡಿದರೆ ಮೋನಿಕಾರ ಸಮಾಧಿಯ ಬರಹ! ಆ ತುಂಡು ಈಗ ಒಳಗೆ ಇದೆ. ಅರ್ಧ ಮುರಿದ ಅಕ್ಷರಗಳನ್ನು ಬೆರಳು ತಾಗಿಸದೆ ಗಾಳಿಯಲ್ಲೇ ಓದಿದೆ.

ಸಂಜೆ ರೋಮ್‌ಗೆ ವಾಪಸ್ ಬಂದು ಸಂತ ಅಗಸ್ಟೀನರ ಹೆಸರಿನ ದೇವಾಲಯಕ್ಕೆ ಹೋದೆವು. ಮೋನಿಕಾರ ಅವಶೇಷಗಳನ್ನು 1430ರಲ್ಲಿ ಓಸ್ತಿಯಾದಿಂದ ರೋಮ್‌ಗೆ ತಂದರು. ಈಗ ಅವು ಇಲ್ಲಿ, ಮುಖ್ಯ ಪೀಠದ ಎಡಗಡೆಯ ಚಾಪೆಲ್‌ನಲ್ಲಿವೆ. ಅಲ್ಲಿ ಒಬ್ಬ ಹೆಂಗಸು ಬ್ಯಾಗನ್ನು ನೆಲದ ಮೇಲಿಟ್ಟು, ಆಫೀಸಿನ ಬಟ್ಟೆಯಲ್ಲೇ ಮೊಣಕಾಲೂರಿ ಅಳುತ್ತಿದ್ದರು. ನಾವು ಹಿಂದಿನ ಬೆಂಚಿನಲ್ಲಿ ಕೂತು ಅವರಿಗಾಗಿ ಒಂದು ನಮೋ ಮರಿಯಾ ಹೇಳಿದೆವು. ಬಾಗಿಲ ಹತ್ತಿರ ಸಾನ್ಸೊವಿನೋ ಕೆತ್ತಿದ ಹೆರಿಗೆಯ ಮಾತೆಯ ಮೂರ್ತಿ ಇದೆ. ಮಗು ಬೇಕೆಂದು, ಹೆರಿಗೆ ಸುಖವಾಗಲೆಂದು ಬೇಡುವವರ ಗುಲಾಬಿ, ನೀಲಿ ರಿಬ್ಬನ್‌ಗಳು ಅದರ ಸುತ್ತ. ಒಂದೇ ದೇವಾಲಯದಲ್ಲಿ ಆ ತುದಿಗೆ ಮಗು ಬರಲಿ ಎಂಬ ಬೇಡಿಕೆ, ಈ ತುದಿಗೆ ಬಂದ ಮಗು ದೇವರ ಹತ್ತಿರ ವಾಪಸ್ ಬರಲಿ ಎಂಬ ಬೇಡಿಕೆ.

ಶನಿವಾರ, ಸಿಯೆನಾ

ರೈಲು ಬದಲಾಯಿಸಿ ಸಿಯೆನಾ ಸೇರುವಾಗ ಮಧ್ಯಾಹ್ನ. ಇಳಿಜಾರಿನ ಓಣಿಗಳಲ್ಲಿ ಇಳಿದರೆ ಫೊಂತೆಬ್ರಾಂದಾ ಎಂಬ ಹಳೆಯ ನೀರಿನ ಬುಗ್ಗೆ. ಅದರ ಮೇಲ್ಗಡೆ ಸಂತ ಕ್ಯಾಥರೀನರ ಮನೆ. ಅಪ್ಪ ಯಾಕೊಪೊ ಬಟ್ಟೆಗೆ ಬಣ್ಣ ಹಾಕುವ ಕೆಲಸದವರು. ಅಮ್ಮ ಲಾಪಾ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತವರು. ಆ ಸಾಲಿನ ಕೊನೆಯಲ್ಲಿ 1347ರಲ್ಲಿ ಹುಟ್ಟಿದ ಕ್ಯಾಥರೀನ್ ಮದುವೆಯೇ ಬೇಡ ಎಂದರು. ತಾಯಿಗೆ ಇದು ಅರ್ಥವಾಗಲಿಲ್ಲ. ಮಗಳ ಮೇಲೆ ಸಿಟ್ಟಾದರು, ಮನೆಗೆಲಸವನ್ನೆಲ್ಲ ಅವಳ ಮೇಲೆ ಹೊರಿಸಿದರು. ಕ್ಯಾಥರೀನ್ ಹೊಂದಿಕೊಂಡರೇ ಹೊರತು ಬಗ್ಗಲಿಲ್ಲ. ಡೊಮಿನಿಕನ್ ಸಭೆಯಲ್ಲಿ ಮಠಕ್ಕೆ ಹೋಗದೆ ಇರುವವರ ಮೂರನೆಯ ಶಾಖೆ ಸೇರಿದರು, ಮನೆಯಲ್ಲೇ ಇದ್ದು ಕಾಯಿಲೆಯವರ ಆರೈಕೆ ಮಾಡಿದರು.

ಆಮೇಲೆ ನಡೆದದ್ದು ನನಗೆ ಈಗಲೂ ಆಶ್ಚರ್ಯ. ಇಪ್ಪತ್ತರ ಹರೆಯದ ಈ ಹುಡುಗಿಯ ಸುತ್ತ ಜನ ಸೇರಿದರು. ಶ್ರೀಮಂತರ ಮನೆಯ ಹುಡುಗರು, ಕವಿ, ಸನ್ಯಾಸಿಗಳು, ಗುರುಗಳು (ಪಾದ್ರಿಗಳು), ವಿಧವೆಯರು. ಅವರಲ್ಲಿ ಎಷ್ಟೋ ಜನ ವಯಸ್ಸಿನಲ್ಲಿ ದೊಡ್ಡವರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಮಮ್ಮಾ ಎಂದು. ಕ್ಯಾಥರೀನರ ಪಾಪನಿವೇದನೆ ಕೇಳುತ್ತಿದ್ದ ಗುರು, ಕಪುವಾದ ರೇಮಂಡ್ ಕೂಡ ಅವರಿಗಿಂತ ಹಿರಿಯರು. ಕ್ಯಾಥರೀನರಿಗೆ ರೇಮಂಡ್ ತಂದೆ, ರೇಮಂಡರಿಗೆ ಕ್ಯಾಥರೀನ್ ತಾಯಿ. ಎರಡೂ ಒಟ್ಟಿಗೆ ನಿಜವಾಗಿತ್ತು.

ಈ ತಾಯಿ ಮಕ್ಕಳನ್ನು ಮುದ್ದು ಮಾತ್ರ ಮಾಡಲಿಲ್ಲ. ಅವರ ಸುಮಾರು 380 ಪತ್ರಗಳು ಉಳಿದಿವೆ. ಧೈರ್ಯ ಕಳೆದುಕೊಂಡ ಗುರುಗಳಿಗೆ ಗದರುವ ಪತ್ರಗಳು, ರೋಮ್ ಬಿಟ್ಟು ಈಗಿನ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಕೂತಿದ್ದ ಪೋಪ್ ಹನ್ನೊಂದನೇ ಗ್ರೆಗೊರಿಗೆ ಅಪ್ಪಾ ಎಂದು ಪ್ರೀತಿಯಿಂದ ಕರೆದು, ಗಂಡಸಿನಂತೆ ಎದ್ದು ರೋಮ್‌ಗೆ ಬನ್ನಿ ಎನ್ನುವ ಪತ್ರಗಳು. ಪೋಪ್ 1377ರ ಜನವರಿಯಲ್ಲಿ ಬಂದರು. ತಾಯ್ತನ ಎಂದ ಕೂಡಲೇ ಹೆಂಗಸರನ್ನು ಮನೆಯ ಮೂಲೆಗೆ ಕೂರಿಸುವ ಮಾತು ಎಂದು ಅನುಮಾನ ಪಡುವವರಿದ್ದಾರೆ. ಆ ಅನುಮಾನಕ್ಕೆ ಕಾರಣಗಳೂ ಇವೆ. ಆದರೆ ಕ್ಯಾಥರೀನರ ಮುಂದೆ ಅದು ನಿಲ್ಲುವುದಿಲ್ಲ. ಅವರ ತಾಯ್ತನವೇ ಅವರಿಗೆ ಪೋಪ್ ಮುಂದೆ ಮಾತಾಡುವ ಬಾಯಿ ಕೊಟ್ಟಿತು. ಮಗುವಿನ ಒಳಿತು ಬೇಕಾದವಳು ಸುಮ್ನೆ ಇರಲಾರಳು. 1970ರಲ್ಲಿ ಧರ್ಮಸಭೆ ಅವರನ್ನು ತನ್ನ ಪಂಡಿತರ ಸಾಲಿಗೆ ಸೇರಿಸಿತು.

ಒಂದು ಪತ್ರದ ಕಥೆಯನ್ನು ಚಿಕ್ಕಮ್ಮ ಸಾನ್ ದೊಮೆನಿಕೊ ದೇವಾಲಯದ ಮೆಟ್ಟಿಲ ಮೇಲೆ ಕೂತು ಹೇಳಿದರು. ಮರಣದಂಡನೆಗೆ ಗುರಿಯಾದ ಒಬ್ಬ ಯುವಕ ಸೆರೆಯಲ್ಲಿ ಸಿಟ್ಟು, ಹೆದರಿಕೆಯಿಂದ ಒದ್ದಾಡುತ್ತಿದ್ದ. ಕ್ಯಾಥರೀನ್ ಹೋಗಿ ಜೊತೆಗಿದ್ದರು. ಬಲಿಪೂಜೆಗೆ (ಮಾಸ್‌ಗೆ) ಕರೆದುಕೊಂಡು ಹೋದರು, ಅವನು ಕ್ರಿಸ್ತನ ಶರೀರವೆಂದು ನಾವು ನಂಬುವ ರೊಟ್ಟಿಯನ್ನು, ಪರಮಪ್ರಸಾದವನ್ನು, ಸ್ವೀಕರಿಸಿದ. ಕೊನೆಯ ಹೊತ್ತಿನಲ್ಲಿ ನೀವು ಇರಬೇಕು ಎಂದು ಕೇಳಿದ. ಅವರು ಅವನಿಗಿಂತ ಮೊದಲೇ ವಧಾಸ್ಥಾನಕ್ಕೆ ಹೋಗಿ ಕಾದರು. ಕತ್ತಿ ಬಿದ್ದಾಗ ಅವನ ತಲೆಯನ್ನು ತಮ್ಮ ಕೈಯಲ್ಲೇ ಹಿಡಿದರು. ಅವನ ರಕ್ತ ಬಿದ್ದ ಬಟ್ಟೆಯನ್ನು ತೊಳೆಯಲು ಮನಸ್ಸಾಗಲಿಲ್ಲ ಎಂದು ರೇಮಂಡರಿಗೆ ಬರೆದರು.

ನನಗೆ ಮಾತು ಬರಲಿಲ್ಲ. ಗಾಡ್‌ಮದರ್ ಆಗುವುದೆಂದರೆ ಈ ಮಗುವಿನ ಕೊನೆಯ ಹೊತ್ತಿನವರೆಗೂ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಭಾನುವಾರ, ರೈಲಿನಲ್ಲಿ

ಬೆಳಗ್ಗೆ ಸಿಯೆನಾದಲ್ಲೇ ಬಲಿಪೂಜೆ. ಆಮೇಲೆ ಫ್ಲಾರೆನ್ಸ್ ಮೂಲಕ ಟುರಿನ್‌ಗೆ ದೀರ್ಘ ಪ್ರಯಾಣ. ನೋಡಿದ್ದು ಏನೂ ಇಲ್ಲ. ಆದರೆ ಒಂದು ಮಾತುಕತೆಯನ್ನು ಬರೆಯಲೇಬೇಕು.

ಚಿಕ್ಕಮ್ಮ ಜಪಸರ ಮುಗಿಸಿ ಅದನ್ನು ಚೀಲಕ್ಕೆ ಹಾಕುವಾಗ ಕೇಳಿದೆ. "ಇವತ್ತಿನದು ಯಾರಿಗಾಗಿ ಚಿಕ್ಕಮ್ಮ?"

"ಒಬ್ಬ ಸ್ವಾಮಿಗೆ."

"ಯಾರು?"

"ಹೆಸರು ಕೇಳಬೇಡ ಮಗಳೇ. ನಾನು ಮಠ ಸೇರಿದ ಹೊಸದರಲ್ಲಿ ನಮ್ಮ ಮದರ್ ಒಬ್ಬೊಬ್ಬರಿಗೆ ಒಬ್ಬ ಗುರುವಿನ ಹೆಸರು ಕೊಟ್ಟರು. ಬದುಕಿರೋ ತನಕ ಅವರಿಗಾಗಿ ಪ್ರಾರ್ಥಿಸಬೇಕು ಅಂದರು. ಅವತ್ತಿಂದ ದಿನಾ ಮಾಡ್ತಿದ್ದೀನಿ."

"ಅವರಿಗೆ ಗೊತ್ತಾ?"

"ಗೊತ್ತಿಲ್ಲ. ಒಂದು ಸಲ ಎದುರಿಗೇ ಸಿಕ್ಕಿದ್ದರು. ನಮಸ್ಕಾರ ಅಂದೆ, ಅವರೂ ಅಂದರು, ಹೋದರು."

"ಹೇಳಬೇಕು ಅನ್ನಿಸಲಿಲ್ವಾ?"

ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. "ತುಂಬಾ ಅನ್ನಿಸಿತು. ಮಧ್ಯೆ ಅವರಿಗೆ ಕಷ್ಟದ ಕಾಲ ಬಂತು ಅಂತ ಕೇಳಿದ್ದೆ. ಆಗ ಜಾಸ್ತಿ ಅನ್ನಿಸಿತು. ಆದರೆ ಹೇಳಿದರೆ ಅವರು ನನಗೆ ಋಣಿ ಆಗಿಬಿಡ್ತಾರೆ. ಮಗ ತಾಯಿಗೆ ಋಣಿ ಆಗಬಾರದು, ದೇವರ ಹತ್ತಿರ ಹೋಗಬೇಕು."

ಇಷ್ಟು ವರ್ಷ ಅವರ ಮಡಿಲಲ್ಲೇ ಬೆಳೆದ ನನಗೆ ಅವರಿಗೆ ಹೀಗೊಬ್ಬ ಮಗ ಇರುವುದು ಗೊತ್ತೇ ಇರಲಿಲ್ಲ. ಸಂತ ಎರಡನೇ ಜಾನ್ ಪೌಲ್ 1988ರಲ್ಲಿ ಹೆಂಗಸರ ಘನತೆಯ ಬಗ್ಗೆ ಬರೆದ ಪತ್ರದಲ್ಲಿ, ಕನ್ಯತ್ವದ ವ್ರತ ಹಿಡಿದವರು ದೇಹದ ತಾಯ್ತನವನ್ನು ಬಿಟ್ಟರೂ ಆತ್ಮದ ತಾಯ್ತನವನ್ನು ಪಡೆಯುತ್ತಾರೆ ಎನ್ನುತ್ತಾರೆ. ಓದಿದಾಗ ಅದು ಸಮಾಧಾನದ ಮಾತಿನಂತೆ ಕೇಳಿತ್ತು. ಎದುರು ಸೀಟಿನಲ್ಲಿ ಕೂತವರನ್ನು ನೋಡಿದ ಮೇಲೆ ಹಾಗೆ ಕೇಳುವುದಿಲ್ಲ.

ಗುರುಗಳಿಗಾಗಿ ಹೀಗೆ ಪ್ರಾರ್ಥಿಸುವ ತಾಯಂದಿರು ಎಲ್ಲೆಡೆ ಬೇಕು ಎಂದು ವ್ಯಾಟಿಕನ್‌ನ ಗುರುಗಳ ವಿಭಾಗ 2007ರ ಡಿಸೆಂಬರ್ 8ರಂದು ಬಿಷಪ್‌ಗಳಿಗೆ ಪತ್ರ ಬರೆಯಿತು. ಪರಮಪ್ರಸಾದದ ಆರಾಧನೆಗೆ ಇದನ್ನು ಜೋಡಿಸಬೇಕು ಎಂದು ಕೇಳಿತು. ಜೊತೆಗೆ ಕಳುಹಿಸಿದ ಪುಸ್ತಿಕೆಯಲ್ಲಿ ಇಟಲಿಯ ವಾಯವ್ಯದ ಪೀದ್ಮೊಂತ್ ಸೀಮೆಯ ಲೂ ಎಂಬ ಹಳ್ಳಿಯ ಕಥೆ ಇದೆ. ನಾವು ಹೊರಟಿರುವುದು ಅಲ್ಲಿಗೇ.

ಸೋಮವಾರ, ಟುರಿನ್

ಅದಕ್ಕೆ ಮೊದಲು ವಾಲ್ದೊಕ್ಕೊ. ಡಾನ್ ಬೊಸ್ಕೊ ಎಂಬ ಗುರು ಬೀದಿ ಹುಡುಗರಿಗೆ ಮನೆ ಕಟ್ಟಿದ ಜಾಗ. 1868ರಲ್ಲಿ ಪ್ರತಿಷ್ಠೆಯಾದ ಕ್ರೈಸ್ತರ ಸಹಾಯ ಮಾತೆಯ ದೊಡ್ಡ ದೇವಾಲಯ ಎದುರಿಗೆ ನಿಲ್ಲುತ್ತದೆ. ನನಗೆ ಬೇಕಿದ್ದದ್ದು ಅದರ ಪಕ್ಕದ ಹಳೆಯ ಕಟ್ಟಡ, ಮಮ್ಮಾ ಮಾರ್ಗೆರಿತಾ ಇದ್ದ ಜಾಗ.

ಮಾರ್ಗೆರಿತಾ ಒಕ್ಕಿಯೆನಾ ಡಾನ್ ಬೊಸ್ಕೊ ಅವರ ತಾಯಿ. ಹಳ್ಳಿಯ ರೈತ ಹೆಂಗಸು. ಓದು ಬರಹ ಬರುತ್ತಿರಲಿಲ್ಲ. 1817ರಲ್ಲಿ ಗಂಡ ತೀರಿಕೊಂಡಾಗ ಕಿರಿಯ ಮಗ ಜಾನ್‌ಗೆ, ಅಂದರೆ ಮುಂದಿನ ಡಾನ್ ಬೊಸ್ಕೊಗೆ, ಎರಡು ವರ್ಷವೂ ತುಂಬಿರಲಿಲ್ಲ. ಮಕ್ಕಳನ್ನು ಬೆಳೆಸಿ, ಒಬ್ಬನನ್ನು ಗುರುವಾಗಿ ಕೊಟ್ಟು, ಮೊಮ್ಮಕ್ಕಳ ಜೊತೆ ಹಳ್ಳಿಯಲ್ಲಿ ನೆಮ್ಮದಿಯಾಗಿದ್ದರು. 1846ರ ನವೆಂಬರ್‌ನಲ್ಲಿ, 58ನೇ ವಯಸ್ಸಿನಲ್ಲಿ, ಮಗ ಬಂದು ಕರೆದ. ನನ್ನ ಹುಡುಗರಿಗೆ ತಾಯಿ ಬೇಕು ಎಂದ. ಅವರು ಹೊರಟೇಬಿಟ್ಟರು, ಕಾಲ್ನಡಿಗೆಯಲ್ಲಿ. ಹತ್ತು ವರ್ಷ ಅಡುಗೆ ಮಾಡಿದರು, ಬಟ್ಟೆ ಒಗೆದರು, ಹೊಲಿದರು. ಮದುವೆಯ ಬಟ್ಟೆಯನ್ನು ಕತ್ತರಿಸಿ ಪೂಜೆಗೆ ಬೇಕಾದ ವಸ್ತ್ರ ಮಾಡಿದರು. ಅನಾಥ ಹುಡುಗನೊಬ್ಬ ಮಳೆಯಲ್ಲಿ ನೆನೆದು ಬಂದ ರಾತ್ರಿ, ಮಲಗುವ ಮುಂಚೆ ಅವನಿಗೆ ನಾಲ್ಕು ಒಳ್ಳೆಯ ಮಾತು ಹೇಳಿದರು. ಡಾನ್ ಬೊಸ್ಕೊ ಕಟ್ಟಿದ ಸಲೇಷಿಯನ್ ಸಭೆಯ ಮನೆಗಳಲ್ಲಿ ರಾತ್ರಿ ಮಕ್ಕಳಿಗೆ ಒಂದು ಮಾತು ಹೇಳಿ ಮಲಗಿಸುವ ಪದ್ಧತಿ ಅಲ್ಲಿಂದ ಬಂತು ಎನ್ನುತ್ತಾರೆ.

ಒಂದು ದಿನ ಹುಡುಗರು ಆಟದ ಭರದಲ್ಲಿ ಅವರ ತರಕಾರಿ ಪಾತಿಯನ್ನೆಲ್ಲ ತುಳಿದು ಹಾಕಿದರು. ಅವರಿಗೆ ಸಾಕಾಗಿಹೋಯಿತು. ನಾನು ಊರಿಗೆ ಹೋಗುತ್ತೇನಪ್ಪಾ ಎಂದರು. ಮಗ ಮಾತಾಡದೆ ಗೋಡೆಯ ಮೇಲಿನ ಶಿಲುಬೆಯನ್ನು ತೋರಿಸಿದರು. ಅವರು ಉಳಿದರು. 1856ರ ನವೆಂಬರ್ 25ರಂದು ಇಲ್ಲೇ ತೀರಿಕೊಂಡರು. 2006ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು, ಸಂತ ಪದವಿಯ ದಾರಿಯ ಒಂದು ಮೆಟ್ಟಿಲಾಗಿ, ಘೋಷಿಸಿತು.

ಅವರು ಸೋತು ಹೋದ ಆ ದಿನವನ್ನು ಯಾರೂ ಮುಚ್ಚಿಡದೆ ಹೇಳುತ್ತಾ ಬಂದಿರುವುದು ನನಗೆ ತುಂಬ ಇಷ್ಟ. ಪ್ರೀತಿ ಇದ್ದವರಿಗೂ ಸುಸ್ತಾಗುತ್ತದೆ.

ಮಂಗಳವಾರ, ಲೂ

ಬೇಕೆಂದೇ ಮಂಗಳವಾರಕ್ಕೆ ಇಟ್ಟುಕೊಂಡಿದ್ದೆವು. ಯಾಕೆ ಅಂತ ಈಗ ಹೇಳುತ್ತೇನೆ.

ಬಾಡಿಗೆ ಕಾರಿನಲ್ಲಿ ಹೊರಟು, ದಾರಿಯಲ್ಲಿ ಬೆಕ್ಕಿ ಎಂಬಲ್ಲಿ ಮಾರ್ಗೆರಿತಾ ಮಕ್ಕಳನ್ನು ಸಾಕಿದ ಪುಟ್ಟ ಮನೆಯನ್ನು ನೋಡಿದೆವು. ಆಮೇಲೆ ಮೊನ್ಫೆರಾತೊ ಗುಡ್ಡಗಳು. ದ್ರಾಕ್ಷಿ ಕೊಯ್ಲು ಮುಗಿದು ಎಲೆಗಳು ಕೆಂಪಾಗುತ್ತಿದ್ದವು. ಅಲೆಸ್ಸಾಂದ್ರಿಯಾ ಜಿಲ್ಲೆಯ ಲೂ ಅಂಥದ್ದೇ ಒಂದು ಗುಡ್ಡದ ನೆತ್ತಿಯ ಮೇಲಿರುವ ಸಣ್ಣ ಊರು. 2019ರಲ್ಲಿ ಪಕ್ಕದ ಕುಕ್ಕಾರೊ ಜೊತೆ ಸೇರಿ ಒಂದೇ ಪಂಚಾಯತ್ ಆಗಿದೆ.

1881ರಲ್ಲಿ ಇಲ್ಲಿಯ ತಾಯಂದಿರು ಒಂದು ತೀರ್ಮಾನ ಮಾಡಿದರು. ಪ್ರತಿ ಮಂಗಳವಾರ ಪರಮಪ್ರಸಾದದ ಮುಂದೆ ಸೇರಿ, ನಮ್ಮ ಮಕ್ಕಳಲ್ಲಿ ದೈವಕರೆ, ಅಂದರೆ ಗುರುವೋ ಕನ್ಯಾಸ್ತ್ರೀಯೋ ಆಗುವ ಮನಸ್ಸು, ಹುಟ್ಟಲಿ ಎಂದು ಬೇಡುವುದು. ತಿಂಗಳ ಮೊದಲ ಭಾನುವಾರ ಅದೇ ಕೋರಿಕೆಗಾಗಿ ಪರಮಪ್ರಸಾದ ಸ್ವೀಕರಿಸುವುದು. ಊರಿನ ಗುರು ಅಲೆಸ್ಸಾಂದ್ರೊ ಕನೋರಾ ಅವರನ್ನು ನಡೆಸಿದರು. ಮುಂದಿನ ದಶಕಗಳಲ್ಲಿ ಈ ಒಂದು ಊರಿನಿಂದ 152 ಗುರುಗಳು, 171 ಕನ್ಯಾಸ್ತ್ರೀಯರು ಹೊರಟರು. ಒಟ್ಟು 323 ಜನ. ಡಾನ್ ಬೊಸ್ಕೊ ನಂತರ ಮೂರನೆಯವರಾಗಿ ಸಲೇಷಿಯನ್ ಸಭೆಯನ್ನು ನಡೆಸಿದ ಫಿಲಿಪ್ಪೊ ರಿನಾಲ್ದಿ 1856ರಲ್ಲಿ ಹುಟ್ಟಿದ್ದು ಈ ಊರಲ್ಲೇ. 1990ರಲ್ಲಿ ಅವರನ್ನು ಪುನೀತರೆಂದು, ಸಂತ ಪದವಿಗೆ ಒಂದೇ ಮೆಟ್ಟಿಲು ಕೆಳಗೆ, ಘೋಷಿಸಲಾಯಿತು. 1946ರ ಸೆಪ್ಟೆಂಬರ್ 1ರಂದು ಊರಿನ ಗುರುಗಳು, ಕನ್ಯಾಸ್ತ್ರೀಯರು ಒಟ್ಟಿಗೆ ಸೇರಿ ತೆಗೆಸಿದ ಫೋಟೋ ಪ್ರಸಿದ್ಧ. ಚಿಕ್ಕಮ್ಮ ಅದರ ಪ್ರತಿಯನ್ನು ತಮ್ಮ ಪ್ರಾರ್ಥನೆ ಪುಸ್ತಕದಲ್ಲೇ ಇಟ್ಟುಕೊಂಡಿದ್ದಾರೆ. ಕಪ್ಪು, ಬಿಳಿ ಉಡುಪುಗಳ ಸಾಲು ಸಾಲು.

ಎಲ್ಲರೂ 323 ಎಂಬ ಸಂಖ್ಯೆಯನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ಆ ತಾಯಂದಿರು ಹೇಳುತ್ತಿದ್ದ ಪ್ರಾರ್ಥನೆ ದೊಡ್ಡದು. ನನ್ನ ಗಂಡುಮಕ್ಕಳಲ್ಲಿ ಒಬ್ಬ ಗುರುವಾಗಲಿ ಎಂದು ಕೇಳಿ, ಅದರ ಬೆನ್ನಿಗೇ ನಾನು ಒಳ್ಳೆಯ ಕ್ರೈಸ್ತಳಾಗಿ ಬಾಳುತ್ತೇನೆ ಎಂದು ಮಾತು ಕೊಡುತ್ತಿದ್ದರು. ಮಗು ಬದಲಾಗಲಿ ಅಂತ ಬೇಡುವ ಮೊದಲು ತಾನು ಬದಲಾಗಲು ಒಪ್ಪಿದವರು. ಇನ್ನೊಂದು ವಿಷಯವನ್ನೂ ಬಿಡಲಾರೆ. ಮಂಗಳವಾರಗಳಲ್ಲಿ ಮೊಣಕಾಲೂರಿದ ಎಲ್ಲರ ಮಕ್ಕಳೂ ಗುರುಗಳಾಗಿರಲಾರರು. ತನ್ನ ಮಗ ದ್ರಾಕ್ಷಿ ತೋಟದಲ್ಲೇ ಉಳಿದರೂ ಪಕ್ಕದ ಮನೆಯ ಮಗನಿಗಾಗಿ ಬೇಡುತ್ತಾ ಹೋದ ತಾಯಂದಿರು ಆ ಸಾಲಿನಲ್ಲಿ ಇದ್ದೇ ಇರುತ್ತಾರೆ. ಅವರು ಯಾವ ಲೆಕ್ಕದಲ್ಲೂ ಇಲ್ಲ. 1946ರ ಫೋಟೋದಲ್ಲೂ ಇಲ್ಲ. ಆ 323 ಜನರಲ್ಲಿ ಅವರ ಮಕ್ಕಳು ಯಾರು ಅಂತ ಕೇಳಿದರೆ, ಎಲ್ಲರೂ ಅನ್ನಬೇಕು.

ನಾವು ದೇವಾಲಯದಲ್ಲಿ ಕೂತಾಗ ಒಳಗೆ ಒಬ್ಬ ಅಜ್ಜಿ ಮಾತ್ರ ಇದ್ದರು. ಚಿಕ್ಕಮ್ಮನ ಉಡುಪು ನೋಡಿ ಹತ್ತಿರ ಬಂದರು. ನಾವು ಎಲ್ಲಿಂದ, ಯಾಕೆ ಬಂದೆವು ಎಂದು ಚಿಕ್ಕಮ್ಮ ಹೇಳಿದರು. ಅಜ್ಜಿಯ ಮುಖ ಅರಳಿತು. ತಮ್ಮ ಅಮ್ಮನ ಜೊತೆ ಚಿಕ್ಕಂದಿನಲ್ಲಿ ಇದೇ ಬೆಂಚಿಗೆ ಬರುತ್ತಿದ್ದದ್ದನ್ನು ಹೇಳಿದರು. ಈಗ ಊರಲ್ಲಿ ಮಕ್ಕಳೇ ಕಡಿಮೆ, ನನ್ನ ಮೊಮ್ಮಗ ದೇವಾಲಯದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ಆದರೂ ಬರುತ್ತೇನೆ ಎಂದರು. ಮೋನಿಕಾರ ಸಮಾಧಿಗೆ ಹೋಗಿ ಬಂದೆವು ಎಂದಾಗ ಅವರು ಚಿಕ್ಕಮ್ಮನ ಕೈ ಹಿಡಿದು ಏನೋ ಬೇಗ ಬೇಗ ಕೇಳಿದರು.

"ಮೊಮ್ಮಗನ ಹೆಸರು ಬರಕೋ ಅಂತಿದ್ದಾರೆ" ಎಂದರು ಚಿಕ್ಕಮ್ಮ. ಪ್ರಾರ್ಥನೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು.

ಅಜ್ಜಿ ನನ್ನ ಕಡೆ ತಿರುಗಿದರು. ಈ ಸಲ ಅರ್ಥ ಹೇಳಿಸಿಕೊಳ್ಳಬೇಕಾಗಲಿಲ್ಲ. ನನ್ನಿಂದಲೂ ಒಂದು ಹೆಸರು ಕೇಳುತ್ತಿದ್ದರು, ಮಂಗಳವಾರಗಳಿಗಾಗಿ. ಅವರ ಸಣ್ಣ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಓದಲು ಅವರಿಗೆ ಸ್ವಲ್ಪ ಕಷ್ಟವಾಯಿತು. ಜೋರಾಗಿ ಎರಡು ಸಲ ಹೇಳಿಸಿಕೊಂಡು, ತಪ್ಪಿಲ್ಲದೆ ಬರುವ ತನಕ ಅಭ್ಯಾಸ ಮಾಡಿದರು. ಆಮೇಲೆ ಮೂವರೂ ಮೊಣಕಾಲೂರಿದೆವು. ಅವರು ಇಟಾಲಿಯನ್‌ನಲ್ಲಿ ಜಪಸರ ಶುರುಮಾಡಿದರು, ನಾವು ಕನ್ನಡದಲ್ಲಿ ಉತ್ತರ ಕೊಟ್ಟೆವು.